ಏಳೋ ಎಂಟೋ

ಮೊದಲೇ ಹೇಳ್ಬಿಡ್ತೀನಿ, ಟಗರು ಸಿಗ್ಲಿಲ್ಲ. ವಾಟ್ಸಾಪಲ್ಲಿ ಏನೂ ಬರೀದೆ ಬರೀ ಟಗರಿನ ಇಮೋಜಿ, ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದೋರು ಹತ್ತು ಜನ ಇದ್ದಾರೆ, ಎಲ್ರಿಗೂ ಒಂದೊಂದೇ ಉತ್ತರ ಟೈಪ್ ಮಾಡಿ ಸಾಕಾಗಿ ಇಲ್ಲಿ ಬರೀತಿದ್ದೀನಿ. ಇಲ್ಲಿ ಅಲಾಸ್ಕಾದಲ್ಲಿ ಕಾಡು ಟಗರು ಬೇಟೆಗೆ ಅಂತ ನಾನು, ನಮ್ಮೆಜಮಾನ್ರು ಆಗಸ್ಟ್ 29ಕ್ಕೆ ಹೋದ್ವಿ, ಸೆಪ್ಟೆಂಬರ್ 8ಕ್ಕೆ ಬಂದ್ವಿ, ಹನ್ನೊಂದು ದಿನ, ಒಂದು ಗುಂಡೂ ಹಾರಿಸ್ಲಿಲ್ಲ, ಮಾಂಸ ಹಾಕ್ಕೊಂಡು ಬರೋಕೆ ಅಂತ ತಗೊಂಡೋಗಿದ್ದ ಬಟ್ಟೆ ಚೀಲಗಳು ಅಂಗಡೀಲಿ ಹೇಗೆ ಮಡಚಿ ಕೊಟ್ಟಿದ್ರೋ ಹಾಗೇ ವಾಪಸ್ ಬಂದ್ವು. ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಮಾತ್ರ ವಾಪಸ್ ಬರ್ಲಿಲ್ಲ.

ಹೊರಡೋ ಮುಂಚೆ ಇವ್ರು ಊರಿಗೆ ಫೋನ್ ಮಾಡಿ ಮಾವನವರಿಗೆ "ಕಾಡುಕುರಿ ಬೇಟೆಗೆ ಹೋಗ್ತಿದ್ದೀವಿ" ಅಂದ್ರು. ನಮ್ಮೆಜಮಾನ್ರದು ಕೊಡಗು. ಆ ಕಡೆ ಕಾಡುಕುರಿ ಅಂದ್ರೆ ಏನು ಅಂತ ಗೊತ್ತಲ್ಲ, ಸಂಜೆ ಹೊತ್ತು ಕಾಫಿ ತೋಟದ ಅಂಚಲ್ಲಿ ನಾಯಿ ಥರ ಬೊಗಳೋ ಆ ಸಣ್ಣ ಜಿಂಕೆ. ಮಾವ ಸ್ವಲ್ಪ ಹೊತ್ತು ಸುಮ್ನಿದ್ದು "ಅದಕ್ಕೆ ಅಲಾಸ್ಕಾಗೆ ಹೋಗ್ಬೇಕಿತ್ತೇನೋ, ನಮ್ಮ ಹಿತ್ಲಿಗೇ ಬರುತ್ತಲ್ಲ, ಹೊಡೆದ್ರೆ ಜೈಲು ಅಷ್ಟೇ" ಅಂದ್ರಂತೆ. ಇವ್ರು ಹೊಟ್ಟೆ ಹಿಡ್ಕೊಂಡು ನಕ್ರು, ಆಮೇಲೆ ಅರ್ಧ ಗಂಟೆ ಬೇಕಾಯ್ತು ಇದು ಬೇರೆ ಕುರಿ ಅಂತ ಅವರಿಗೆ ಅರ್ಥ ಮಾಡಿಸೋಕೆ.

ಇದು ಡಾಲ್ ಶೀಪ್. ಡಾಲ್ ಅಂದ್ರೆ ಬೇಳೆ ಅಲ್ಲ :) ವಿಲಿಯಂ ಹೀಲಿ ಡಾಲ್ ಅಂತ 19ನೇ ಶತಮಾನದಲ್ಲಿ ಅಲಾಸ್ಕಾ ಸುತ್ತಿದ ವಿಜ್ಞಾನಿ ಒಬ್ಬ ಇದ್ದ, ಅವನ ಹೆಸರಿಟ್ಟಿದ್ದು. ಅಲಾಸ್ಕಾ, ಕೆನಡಾದ ಯೂಕಾನ್ ಕಡೆ ಮರ ಬೆಳೆಯೋ ಎತ್ತರ ದಾಟಿದ್ಮೇಲೆ ಸಿಗೋ ಕಲ್ಲು ಬೆಟ್ಟಗಳಲ್ಲಿ ಇರುತ್ತೆ, ಮೈಯೆಲ್ಲ ಅಪ್ಪಟ ಬಿಳಿ. ಟಗರಿನ ಕೊಂಬು ಜೇನಿನ ಬಣ್ಣ, ತಲೆಯಿಂದ ಹಿಂದಕ್ಕೆ ಹೋಗಿ ಕೆನ್ನೆ ಪಕ್ಕ ಕೆಳಗಿಳಿದು ಮತ್ತೆ ಕಣ್ಣಿನ ಕಡೆ ಮೇಲಕ್ಕೆ ಸುತ್ಕೊಳುತ್ತೆ. ಜಿಂಕೆ ಕೊಂಬಿನ ಥರ ವರ್ಷಾ ವರ್ಷಾ ಉದುರಲ್ಲ, ಸಾಯೋವರೆಗೂ ಬೆಳೀತಾನೇ ಇರುತ್ತೆ. ಈ ಕೊಂಬಿನ ವಿಷ್ಯ ನೆನಪಿಟ್ಕೊಳ್ಳಿ, ನಮ್ಮ ಕಥೆ ಪೂರ್ತಿ ಅದರಲ್ಲೇ ಇರೋದು.

ತಮಾಷೆ ಏನಂದ್ರೆ ಈ ಕುರಿ ನೋಡೋಕೆ ಬೆಟ್ಟ ಹತ್ತಬೇಕು ಅಂತೇನೂ ಇಲ್ಲ. ಆಂಕರೇಜ್‌ನಿಂದ ದಕ್ಷಿಣಕ್ಕೆ ಸೆವಾರ್ಡ್ ಹೈವೇಲಿ ಅರ್ಧ ಗಂಟೆ ಹೋದ್ರೆ ಟರ್ನಗೇನ್ ಆರ್ಮ್ ಅನ್ನೋ ಸಮುದ್ರದ ಕವಲಿನ ಪಕ್ಕ ಬಂಡೆ ಮೇಲೆ ನಿಂತಿರ್ತವೆ, ಟೂರಿಸ್ಟ್‌ಗಳು ಕಾರ್ ನಿಲ್ಲಿಸಿ ಸೆಲ್ಫಿ ತಗೋತಾರೆ, ಅವು ಕ್ಯಾರೇ ಅನ್ನಲ್ಲ. ಅಲ್ಲಿ ಹೊಡೆಯೋ ಹಾಗಿಲ್ಲ ಅಂತ ಅವಕ್ಕೂ ಗೊತ್ತು ಅನ್ಸುತ್ತೆ. ಡೆನಾಲಿ ನ್ಯಾಷನಲ್ ಪಾರ್ಕ್ ಇದ್ಯಲ್ಲ, ಅದು 1917ರಲ್ಲಿ ಹುಟ್ಟೋಕೂ ಮುಖ್ಯ ಕಾರಣ ಇದೇ ಕುರಿ. ಚಾರ್ಲ್ಸ್ ಶೆಲ್ಡನ್ ಅನ್ನೋನು 1906ರಲ್ಲಿ ಇವನ್ನ ನೋಡೋಕೆ ಬಂದು, ಮಾಂಸ ಮಾರೋರು ಲೆಕ್ಕ ಇಲ್ದೆ ಹೊಡೀತಿರೋದು ನೋಡಿ, ಹತ್ತು ವರ್ಷ ವಾಷಿಂಗ್ಟನ್‌ನಲ್ಲಿ ಗಂಟು ಬಿದ್ದು ಪಾರ್ಕ್ ಮಾಡಿಸ್ದ. ಆ ಶೆಲ್ಡನ್ ಸ್ವತಃ ಬೇಟೆಗಾರ. ಇದನ್ನ ಯಾಕೆ ಹೇಳ್ದೆ ಅಂದ್ರೆ, "ಪಾಪ ಅಲ್ವೇನೇ ಆ ಪ್ರಾಣಿ" ಅಂತ ನಮ್ಮಕ್ಕ ಕೇಳ್ದಾಗ ಇವ್ರು ಮೊದಲು ಎತ್ತಿದ ಹೆಸರು ಅದೇ. ನನ್ನ ಕೇಳಿದ್ರೆ ಪಾಪಾನೇ. ಆದ್ರೆ ನಾನು ಅಂಗಡಿ ಮಾಂಸ ತಿಂತೀನಿ, ಅಲ್ಲಿ ಪಾಪ ಪ್ಯಾಕೆಟ್ ಒಳಗೆ ಇರುತ್ತೆ ಅಷ್ಟೇ. ನಮ್ಮ ದೇಶದಲ್ಲಿ 1972ರ ಕಾಯ್ದೆ ಬಂದ್ಮೇಲೆ ಬೇಟೆ ಮುಗೀತು, ಇವರ ಮನೇಲಿ ಕೋವಿ ಈಗ ಹಬ್ಬಕ್ಕೆ, ಸಾವಿಗೆ, ಮಗು ಹುಟ್ಟಿದ್ರೆ ಗಾಳೀಲಿ ಗುಂಡು ಹಾರಿಸೋಕೆ. ತಾತನ ಬೇಟೆ ಕಥೆ ಕೇಳಿ ಬೆಳೆದೋರು ಇವ್ರು, ಇಲ್ಲಿಗೆ ಬಂದು ಆರು ವರ್ಷ ಕಾದು ಇಬ್ರಿಗೂ ಲೈಸೆನ್ಸ್ ಮಾಡಿಸಿದ್ರು.

ಈಗ ಕೊಂಬು. ಅಲಾಸ್ಕಾದಲ್ಲಿ ಸಾಮಾನ್ಯವಾಗಿ ಎಲ್ಲ ಟಗರನ್ನೂ ಹೊಡೆಯೋ ಹಾಗಿಲ್ಲ. ಒಂದೋ ಕೊಂಬು ಫುಲ್ ಕರ್ಲ್ ಇರ್ಬೇಕು, ಅಂದ್ರೆ ಪಕ್ಕದಿಂದ ನೋಡಿದ್ರೆ ತುದಿ 360 ಡಿಗ್ರಿ ಪೂರ್ತಿ ಸುತ್ತು ಬಂದಿರ್ಬೇಕು. ಇಲ್ಲಾ ಎರಡೂ ಕೊಂಬಿನ ತುದಿ ಮುರಿದಿರ್ಬೇಕು, ಒಂದು ಮುರಿದಿದ್ರೆ ಲೆಕ್ಕಕ್ಕಿಲ್ಲ. ಇಲ್ಲಾ ವಯಸ್ಸು 8 ತುಂಬಿರ್ಬೇಕು. ವಯಸ್ಸು ಯಾರನ್ನ ಕೇಳೋದು ಅಂದ್ರೆ ಕೊಂಬನ್ನೇ. ಚಳಿಗಾಲದಲ್ಲಿ ಮೇವು ಕಮ್ಮಿ, ಕೊಂಬು ಬೆಳೆಯೋದು ನಿಲ್ಲುತ್ತೆ, ಅಲ್ಲಿ ಒಂದು ಗೆರೆ ಬೀಳುತ್ತೆ, ಮರದ ಉಂಗುರದ ಥರ. ಎಂಟು ಗೆರೆ ಇದ್ರೆ ಸರಿ, ಏಳಿದ್ರೆ ತಪ್ಪು. ಆದ್ರೆ ಮರಿ ಆಗಿದ್ದಾಗಿನ ಮೊದಲ ಗೆರೆ ತುದೀಲಿ ಸವೆದು ಹೋಗಿರುತ್ತೆ, ನಡುವೆ ಸುಳ್ಳು ಗೆರೆಗಳೂ ಇರ್ತವೆ, ಇದನ್ನೆಲ್ಲ ಎಣಿಸ್ಬೇಕಾಗಿರೋದು ದೂರದಿಂದ, ಬೆಟ್ಟದ ಮೇಲೆ ಮಲ್ಕೊಂಡು, ನಡುಗ್ತಾ, ಅದೂ ಜೀವ ಇರೋ ಪ್ರಾಣಿ ತಲೆ ಅಲ್ಲಾಡಿಸ್ತಿರುವಾಗ. ಹೊಡೆದ್ಮೇಲೆ 30 ದಿನದೊಳಗೆ ಕೊಂಬು ತಗೊಂಡೋಗಿ ಇಲಾಖೆ ಆಫೀಸಲ್ಲಿ ತೋರಿಸ್ಬೇಕು, ಅವರು ಅಳೆದು, ಗೆರೆ ಎಣಿಸಿ, ಕೊಂಬಿಗೆ ಲೋಹದ ಬಿಲ್ಲೆ ಕೂರಿಸಿ ಕೊಡ್ತಾರೆ. ಅಲ್ಲಿ ಏಳು ಅಂತ ಬಂದ್ರೆ ಕೊಂಬೂ ಹೋಯ್ತು, ಕೇಸೂ ಬಂತು.

ಹೊರಗಿನೋರು ಬಂದ್ರೆ ಗೈಡ್ ಕಡ್ಡಾಯ, ಇಲ್ಲಾ ಹತ್ತಿರದ ಸಂಬಂಧಿ ಇಲ್ಲಿಯೋರಾಗಿರ್ಬೇಕು. ಗೈಡ್ ಜೊತೆ ಹೋಗೋ ಕುರಿ ಬೇಟೆ 25,000 ಡಾಲರ್ ಆರಾಮಾಗಿ ದಾಟುತ್ತೆ. ನಾವು ಇಲ್ಲಿಯೋರೇ ಆಗಿರೋದ್ರಿಂದ ಲೈಸೆನ್ಸ್, ಜೊತೆಗೆ ಹಾರ್ವೆಸ್ಟ್ ಟಿಕೆಟ್ ಅನ್ನೋ ಬೇಟೆ ಚೀಟಿ ಇದ್ರೆ ಸಾಕು. ಗೈಡ್ ದುಡ್ಡು ಉಳೀತು ಅಂತ ಇವ್ರು ಸ್ಪಾಟಿಂಗ್ ಸ್ಕೋಪ್ (ದೂರದ್ದನ್ನ ಹತ್ತಿರ ತೋರಿಸೋ ದುರ್ಬೀನು), ಟೆಂಟ್, ಶೂ ಅಂತ ಎಷ್ಟು ಖರ್ಚು ಮಾಡಿದ್ರು ಅಂತ ನಾನು ಇಲ್ಲಿ ಬರೀಬಾರ್ದು ಅಂತ ಒಪ್ಪಂದ ಆಗಿದೆ.

ಎಲ್ಲಿಗೆ ಹೋಗಿದ್ದು ಅಂದ್ರೆ ರಾಂಗೆಲ್ ಬೆಟ್ಟಗಳ ಕಡೆ. ಅಷ್ಟೇ ಹೇಳೋದು. ಯಾವ ಕಣಿವೆ ಅಂತ ಯಾವ ಕುರಿ ಬೇಟೆಗಾರನೂ ಹೇಳಲ್ಲ, ಬರಿಗೈಲಿ ಬಂದೋನಂತೂ ಮೊದಲೇ ಹೇಳಲ್ಲ. ರಾಂಗೆಲ್–ಸೇಂಟ್ ಇಲಯಾಸ್ ಅಮೆರಿಕಾದ ಅತಿ ದೊಡ್ಡ ನ್ಯಾಷನಲ್ ಪಾರ್ಕ್, 1.3 ಕೋಟಿ ಎಕರೆ ಮೇಲೆ, ಅದರಲ್ಲಿ ಪಾರ್ಕ್ ಅನ್ನೋ ಭಾಗದಲ್ಲಿ ನಮ್ಮಂಥ ಪೇಟೆಯೋರು ಬೇಟೆ ಆಡೋ ಹಾಗಿಲ್ಲ, ಪ್ರಿಸರ್ವ್ ಅನ್ನೋ ಭಾಗದಲ್ಲಿ ಆಡ್ಬಹುದು, ಗಡಿ ಎಲ್ಲಿ ಅಂತ ಬೆಟ್ಟದ ಮೇಲೆ ಯಾರೂ ಗೆರೆ ಎಳೆದಿಲ್ಲ, ಮ್ಯಾಪ್ ನೋಡ್ಕೊಂಡು ಹುಷಾರಾಗಿರ್ಬೇಕು. ಇಲ್ಲಿ ಎಲ್ಲಾ ಗೆರೆ ವಿಷ್ಯಾನೇ.

ಗ್ಲೆನ್ ಹೈವೇಲಿ ಗ್ಲೆನಾಲೆನ್ ದಾಟಿ ಒಂದು ಪುಟ್ಟ ಏರ್‌ಸ್ಟ್ರಿಪ್, ಅಲ್ಲಿಂದ ಸೂಪರ್ ಕಬ್ ಅನ್ನೋ ವಿಮಾನ. ವಿಮಾನ ಅಂದ್ರೆ ಆಟೋರಿಕ್ಷಾಗೆ ರೆಕ್ಕೆ ಕಟ್ಟಿದ ಹಾಗೆ, ಪೈಲಟ್ ಮುಂದೆ, ಒಬ್ರೇ ಪ್ಯಾಸೆಂಜರ್ ಹಿಂದೆ, ದಪ್ಪ ದಪ್ಪ ಟೈರು. ಪೈಲಟ್ ಅರವತ್ತು ದಾಟಿದ ಮನುಷ್ಯ, ಮೊದಲು ಬ್ಯಾಗ್ ತೂಕ ಹಾಕಿದ, ಆಮೇಲೆ ನಮ್ಮನ್ನೂ ನಿಲ್ಲಿಸಿ ತೂಕ ಹಾಕಿದ, ಸಂಕೋಚ ಅನ್ನೋದೇ ಇಲ್ಲ. ಇಬ್ರು ಒಟ್ಟಿಗೆ ಹೋಗೋಕಾಗಲ್ಲ, ಎರಡು ಟ್ರಿಪ್. ತೂಕ ಕಮ್ಮಿ ಇರೋರು ಮೊದಲು, ನದಿ ದಂಡೆ ಜಲ್ಲಿ ಈಗ ಹೇಗಿದೆ ಅಂತ ನೋಡ್ಬೇಕು ಅಂದ. ಅಂದ್ರೆ ರನ್‌ವೇ ಟೆಸ್ಟ್ ಮಾಡೋಕೆ ನಾನು.

ಇಳಿಸಿ, ಎರಡು ಗಂಟೇಲಿ ನಿನ್ನ ಗಂಡನ್ನ ತಂದುಬಿಡ್ತೀನಿ ಅಂತ ಹೋದ. ವಿಮಾನದ ಸದ್ದು ಕಣಿವೆ ತಿರುವಲ್ಲಿ ನಿಂತ್ಹೋದ್ಮೇಲೆ ಬಂದ ನಿಶ್ಶಬ್ದ ಇದ್ಯಲ್ಲ, ಕಿವಿ ಒಳಗೆ ನನ್ನ ರಕ್ತ ಓಡೋದು ಕೇಳಿಸ್ತಿತ್ತು. ಬೂದಿ ಬಣ್ಣದ ನದಿ, ಜಲ್ಲಿ, ಎರಡೂ ಕಡೆ ಗೋಡೆ ಥರ ಬೆಟ್ಟ, ನಾನು, ನನ್ನ ಬ್ಯಾಗು, ಕರಡಿ ಸ್ಪ್ರೇ, ಒಂದು ರೈಫಲ್. ಸುಮ್ನೆ ಓಡಾಡೋಣ ಅಂತ ಎದ್ದೆ, ಇಪ್ಪತ್ತು ಹೆಜ್ಜೆ ಹೋಗಿದ್ದೆ, ಮರಳಲ್ಲಿ ಗ್ರಿಜ್ಲಿ ಪಾದ, ನನ್ನ ಅಂಗೈ ಬಿಚ್ಚಿ ಇಟ್ರೆ ಇನ್ನೂ ಜಾಗ ಉಳಿಯುತ್ತೆ. ವಾಪಸ್ ಬಂದು ಬ್ಯಾಗ್ ಮೇಲೆ ಕೂತೆ. ಎರಡು ಗಂಟೆ ಆಯ್ತು, ಮೂರಾಯ್ತು. ಮೋಡ ಇಳೀತು. ಸ್ಯಾಟಲೈಟ್ ಮೆಸೆಂಜರ್ ಇವರ ಬ್ಯಾಗಲ್ಲಿತ್ತು, ಯಾರು ಹಾಗೆ ಪ್ಯಾಕ್ ಮಾಡಿದ್ದು ಅನ್ನೋ ಬಗ್ಗೆ ನಮ್ಮನೇಲಿ ಇನ್ನೂ ಒಮ್ಮತ ಇಲ್ಲ. ಐದು ಗಂಟೆ ಆದ್ಮೇಲೆ ಸದ್ದು ಕೇಳಿಸ್ತು, ಇವ್ರು ಇಳಿದು "ಹೆದರಿದ್ಯಾ ಮಾರಾಯ್ತಿ" ಅಂದ್ರು, ನಾನು "ಇಲ್ವಲ್ಲ" ಅಂದೆ. ಆ ಐದು ಗಂಟೇಲಿ ನಾನು ಜೋರಾಗಿ ಒಂದನೇ ಮಗ್ಗಿಯಿಂದ ಇಪ್ಪತ್ತರ ಮಗ್ಗಿವರೆಗೆ ಹೇಳಿದ್ದೀನಿ, ಕರಡಿಗೆ ಮನುಷ್ಯರ ಧ್ವನಿ ಕೇಳಿಸ್ತಿರ್ಬೇಕಂತೆ.

ವಿಮಾನ ಹತ್ತಿದ ದಿನ ಬೇಟೆ ಆಡೋ ಹಾಗಿಲ್ಲ, ಮಾರನೇ ದಿನ ಬೆಳಗಿನ ಜಾವ 3 ಗಂಟೆ ಆದ್ಮೇಲೇನೇ. ಸೀಸನ್‌ನಲ್ಲಿ ವಿಮಾನದಲ್ಲಿ ಸುತ್ತಿ ಟಗರು ಎಲ್ಲಿದೆ ಅಂತ ಹುಡುಕೋ ಹಾಗೂ ಇಲ್ಲ. ಒಳ್ಳೇ ರೂಲ್ಸ್, ಇಲ್ದಿದ್ರೆ ಅದು ಬೇಟೆ ಅಲ್ಲ, ಡೆಲಿವರಿ.

30ಕ್ಕೆ ಕಣಿವೆ ಮೇಲಕ್ಕೆ ನಡೆದ್ವಿ. ಇವರ ಬ್ಯಾಗು 27 ಕೆಜಿ, ನಂದು 20. ಮ್ಯಾಪಲ್ಲಿ 11 ಕಿಲೋಮೀಟರ್, ನಮಗೆ ಹತ್ತು ಗಂಟೆ ಹಿಡೀತು. ಯಾಕಂದ್ರೆ ದಾರಿ ಅನ್ನೋದಿಲ್ಲ, ಆಲ್ಡರ್ ಪೊದೆ. ಕಾಫಿ ಗಿಡ ಮೂವತ್ತು ವರ್ಷ ಕೊಂಬೆ ಸವರದೆ ಬಿಟ್ಟು, ಅದನ್ನ ಯಾರೋ ಮೇಲಿಂದ ಕೂತು ಅದುಮಿದ್ರೆ ಹೇಗಿರುತ್ತೋ ಹಾಗೆ, ಪ್ರತಿ ಕೊಂಬೇನೂ ಇಳಿಜಾರಿನ ಕಡೆ ಬಾಗಿ ಸೊಂಟದ ಎತ್ತರದಲ್ಲಿ ಅಡ್ಡ. ರೈಫಲ್ ಸಿಕ್ಕಾಕೊಳುತ್ತೆ, ಬಿಡಿಸ್ಕೋ, ಕೋಲು ಸಿಕ್ಕಾಕೊಳುತ್ತೆ, ಬಿಡಿಸ್ಕೋ. ಮಧ್ಯ ಬ್ಲೂಬೆರಿ ಹಣ್ಣಾಗಿತ್ತು, ನಾವೂ ತಿಂದ್ವಿ, ಬೇರೆ ಯಾರೋ ದೊಡ್ಡೋರೂ ತಿಂದು ಹೋಗಿರೋ ಗುರುತು ಬಿಸಿಬಿಸಿಯಾಗೇ ಇತ್ತು. ಅಲ್ಲಿಂದ ಸ್ವಲ್ಪ ಬೇಗ ನಡೆದ್ವಿ. ಪೊದೆ ಮುಗಿದು ಹುಲ್ಲು ಶುರುವಾಗೋ ಕಡೆ ಟೆಂಟ್ ಹಾಕಿ, ಬಿಸಿನೀರಲ್ಲಿ ಅವಲಕ್ಕಿ ನೆನೆಸಿ ಚಟ್ನಿಪುಡಿ ಕಲಸ್ಕೊಂಡು ತಿಂದ್ವಿ. ಬೆಟ್ಟಕ್ಕೆ ಅವಲಕ್ಕಿಗಿಂತ ಒಳ್ಳೇ ಊಟ ಇನ್ನೊಂದಿಲ್ಲ, ಹಗುರ, ಒಲೆ ಉರಿಸೋದೂ ಕಮ್ಮಿ, ಇಲ್ಲಿಯೋರು ಹದಿನೈದು ಡಾಲರ್ ಕೊಟ್ಟು ಒಣಗಿಸಿದ ಪಾಸ್ತಾ ತಗೊಂಡೋಗ್ತಾರೆ ನೋಡಿದ್ರೆ ಅಯ್ಯೋ ಅನ್ಸುತ್ತೆ.

31, 1 ಎರಡೂ ದಿನ ಮಂಜು. ಕೊಡಗಿನ ಮಂಜು ಹೀಗೇ ಇರುತ್ತೆ ಅಂತ ಇವರಿಗೆ ಮೊದಲನೇ ದಿನ ಖುಷಿ, ಎರಡನೇ ದಿನ ಮಾತು ನಿಂತ್ಹೋಯ್ತು. ಹತ್ತು ನಿಮಿಷ ತೆರೆ ಸರಿಯುತ್ತೆ, ಓಡಿ ಹೋಗಿ ಸ್ಕೋಪ್‌ಗೆ ಕಣ್ಣು ಹಚ್ಚಿದ್ರೆ ಎದುರು ಬೆಟ್ಟದಲ್ಲಿ ಬಿಳಿ ಚುಕ್ಕೆ, ಟಗರು ಟಗರು ಅಂದ್ರೆ ಅದು ಕಲ್ಲು. ಬಿಳಿ ಕಲ್ಲು ಅಷ್ಟೊಂದು ಯಾಕಿದೆ ಆ ಬೆಟ್ಟದಲ್ಲಿ ಅಂತ ದೇವರನ್ನೇ ಕೇಳ್ಬೇಕು. ನಾವು ಕಲ್ಲುಗಳಿಗೆ ಹೆಸರಿಡೋಕೆ ಶುರು ಮಾಡಿದ್ವಿ, ಒಂದು ನಮ್ಮ ಮನೆ ಓನರ್ ಥರಾನೇ ಕೂತಿತ್ತು.

2ನೇ ತಾರೀಕು ಬಿಸಿಲು. ಅವತ್ತು ಹದಿನಾಲ್ಕು ಕುರಿ ನೋಡಿದ್ವಿ, ಎಲ್ಲಾ ಹೆಣ್ಣು ಮತ್ತೆ ಮರಿ. ಹೆಣ್ಣಿಗೂ ಕೊಂಬಿರುತ್ತೆ, ಚಿಕ್ಕದು, ಮೇಕೆ ಥರ. ಹದಿನಾಲ್ಕರಲ್ಲಿ ಮರಿ ಎರಡೇ. ಇದು ನಮ್ಮಿಬ್ರಿಗೂ ಚುಚ್ತು. ಈಚಿನ ವರ್ಷಗಳಲ್ಲಿ ಅಲಾಸ್ಕಾದ ತುಂಬಾ ಬೆಟ್ಟಗಳಲ್ಲಿ ಇವು ಕಮ್ಮಿ ಆಗಿವೆ, ಬೇಟೆಗಿಂತ ಹವಾಮಾನದ ಹೊಡೆತ ಜಾಸ್ತಿ. ಚಳಿಗಾಲದಲ್ಲಿ ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿದ್ರೆ ಹುಲ್ಲಿನ ಮೇಲೆ ಗಾಜಿನ ಮುಚ್ಚಳ ಹಾಕಿದ ಹಾಗೆ ಆಗುತ್ತೆ, ಗೊರಸಲ್ಲಿ ಕೆರೆದು ತಿನ್ನೋ ಪ್ರಾಣಿ ಕಣ್ಣೆದುರು ಮೇವಿದ್ರೂ ಹಸಿದು ಸಾಯುತ್ತೆ. ಅಲ್ಲಿ ಕೂತು ಆ ಎರಡು ಮರಿ ಒಂದರ ಮೇಲೊಂದು ಹಾರಿ ಆಡೋದು ನೋಡ್ತಾ ನಾನು "ರೀ, ಗಂಡು ಸಿಗದಿದ್ರೂ ಪರವಾಗಿಲ್ಲ" ಅಂದೆ. ಇವ್ರು ಸ್ಕೋಪ್‌ನಿಂದ ಕಣ್ಣು ತೆಗೀಲೇ ಇಲ್ಲ. ಕೇಳಿಸ್ಲಿಲ್ವೋ, ಕೇಳಿಸ್ದ ಹಾಗೆ ಇದ್ರೋ.

3ನೇ ತಾರೀಕು ಕೈಲ್‌ಪೊಳ್ದ್, ಕೊಡಗಿನ ಆಯುಧಪೂಜೆ. ಊರಲ್ಲಿ ನಾಟಿ ಕೆಲಸ ಮುಗಿಸಿ ಕೋವಿ, ಕತ್ತಿ ಎಲ್ಲ ತೊಳೆದಿಟ್ಟು ಪೂಜೆ ಮಾಡ್ತಾರೆ, ಕೋವಿ ನಳಿಗೆಗೆ ತೋಕ್‌ಪೂ ಅನ್ನೋ ಹೂವು ಸಿಗಿಸ್ತಾರೆ, ಆಮೇಲೆ ಪಂದಿ ಕರಿ, ಕಡಂಬುಟ್ಟು. ನನಗೆ ನೆನಪೇ ಇರ್ಲಿಲ್ಲ. ಬೆಳಿಗ್ಗೆ ಟೆಂಟ್ ಜಿಪ್ ತೆಗೆದು ನೋಡ್ತೀನಿ, ಇವ್ರು ಸ್ನಾನ ಅಂತ ಆ ಹಿಮದ ನೀರಲ್ಲಿ ಮುಖ ಕೈಕಾಲು ತೊಳ್ಕೊಂಡು, ಗುಂಡು ತೆಗೆದಿಟ್ಟ ರೈಫಲ್‌ನ ಚಪ್ಪಟೆ ಕಲ್ಲಿನ ಮೇಲೆ ಮಲಗಿಸಿ, ನಳಿಗೆ ಪಕ್ಕ ಫೈರ್‌ವೀಡ್ ಗಿಡದ ಒಂದು ಕಡ್ಡಿ ಇಟ್ಟಿದ್ದಾರೆ. ಫೈರ್‌ವೀಡ್ ಬೇಸಿಗೇಲಿ ನೇರಳೆ ಕೆಂಪು ಹೂವು, ಹೂವು ಕೆಳಗಿಂದ ಮೇಲಕ್ಕೆ ಅರಳ್ತಾ ಹೋಗಿ ತುದಿ ಮುಟ್ಟಿದ್ರೆ ಬೇಸಿಗೆ ಮುಗೀತು ಅಂತ ಇಲ್ಲಿಯೋರ ಲೆಕ್ಕ. ಅಷ್ಟೊತ್ತಿಗೆ ಹೂವೆಲ್ಲ ಮುಗಿದು ಬರೀ ಹತ್ತಿ ಹಾರ್ತಿತ್ತು. "ಹೂವಿಲ್ವಲ್ರೀ" ಅಂದೆ. "ಇರೋದ್ರಲ್ಲೇ ಹಬ್ಬ ಕಣೇ" ಅಂದ್ರು. ಮಾತಾಡ್ತಾ ಇದ್ದ ಹಾಗೇ ಗಾಳಿ ಬಂದು ಅರ್ಧ ಹತ್ತಿ ನನ್ನ ಅವಲಕ್ಕಿ ತಟ್ಟೇಲಿ.

ಅವತ್ತೇ ಸಂಜೆ ಟಗರು ಕಾಣಿಸ್ತು. ಮೂರು. ಕಣಿವೆ ಕೊನೇಲಿ, ನಾಲ್ಕು ಕಿಲೋಮೀಟರ್ ದೂರ, ರಿಡ್ಜ್ (ಬೆಟ್ಟದ ನೆತ್ತಿಯ ಏಣು) ಕೆಳಗಿನ ಹಸಿರು ಪಟ್ಟೀಲಿ. ಕಲ್ಲಲ್ಲ ಅಂತ ಗೊತ್ತಾಗಿದ್ದು ಒಂದು ಎದ್ದು ಮೈ ಕೊಡವ್ದಾಗ. ಎರಡು ಚಿಕ್ಕವು. ಮೂರನೇದರ ತಲೆ ತಿರುಗಿದಾಗ ಕೊಂಬು ಬೆಳಕಿಗೆ ಹೊಳೀತು, ಇವ್ರು ಉಸಿರು ಒಳಗೆ ಎಳ್ಕೊಂಡಿದ್ದು ನನಗೆ ಕೇಳಿಸ್ತು.

4ಕ್ಕೆ ಬೆಳಿಗ್ಗೆ ಐದಕ್ಕೆ ಹೊರಟ್ವಿ. ಕುರಿ ಕಣ್ಣು ಬಹಳ ಚುರುಕು, ಅಪಾಯ ಕೆಳಗಿಂದ ಬರುತ್ತೆ ಅಂತ ಅದರ ನಂಬಿಕೆ, ಅದಕ್ಕೆ ಮೇಲಿಂದ ಹೋಗ್ಬೇಕು. ಗಾಳೀನೂ ನೋಡ್ಬೇಕು, ಬೆಳಿಗ್ಗೆ ತಣ್ಣನೆ ಗಾಳಿ ಬೆಟ್ಟದಿಂದ ಇಳಿಯುತ್ತೆ, ಬಿಸಿಲೇರಿದ್ಮೇಲೆ ಕಣಿವೆಯಿಂದ ಮೇಲಕ್ಕೆ ಹತ್ತುತ್ತೆ, ಹಾಗಾಗಿ ಬಿಸಿಲೇರೋ ಹೊತ್ತಿಗೆ ನಾವು ಅವುಗಳ ನೆತ್ತಿ ಮೇಲಿರ್ಬೇಕು. ಬೆಟ್ಟದ ಹಿಂಬದಿಯಿಂದ ಸುತ್ತಿ ಹತ್ತಿದ್ವಿ. ಜಲ್ಲಿ ಇಳಿಜಾರು, ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ, ಗೋಧಿ ರಾಶಿ ಮೇಲೆ ಹತ್ತಿದ ಹಾಗೆ. ಉಗುರು ಹೋಗಿದ್ದು ಇಲ್ಲೇ. ಮಧ್ಯ ಒಂದು ಕಡೆ ಬಂಡೆ ಜಗಲಿ ದಾಟ್ಬೇಕಿತ್ತು, ಒಂದೂವರೆ ಅಡಿ ಅಗಲ, ಆ ಕಡೆ ಏನೂ ಇಲ್ಲ. ನಾನು ಆಗಲ್ಲ ಅಂದೆ. ಇವ್ರು ಸರಿ ವಾಪಸ್ ಹೋಗೋಣ ಅಂದ್ರು, ಒಂದು ಸಲಾನೂ ಒತ್ತಾಯ ಮಾಡ್ಲಿಲ್ಲ, ಅದಕ್ಕೇ ನನಗೆ ಹಠ ಬಂತು. ಮುಖ ಬಂಡೆಗೆ ಒತ್ಕೊಂಡು, ಕಲ್ಲಿನ ಮೇಲಿನ ಪಾಚಿ ಬಿಟ್ಟು ಬೇರೆ ಏನೂ ನೋಡ್ದೆ ದಾಟಿದೆ. ಆ ಪಾಚಿ ಕಿತ್ತಳೆ ಬಣ್ಣದ್ದು, ಈಗಲೂ ಕಣ್ಮುಚ್ಚಿದ್ರೆ ಬರುತ್ತೆ.

ಮಧ್ಯಾಹ್ನ ಎರಡೂಮುಕ್ಕಾಲಿಗೆ ರಿಡ್ಜ್ ಮೇಲೆ ಹೊಟ್ಟೆ ಮೇಲೆ ತೆವಳಿ ಇಣುಕಿದ್ವಿ. ಅಲ್ಲೇ ಇದ್ವು. ದೂರ ಅಳೆಯೋ ರೇಂಜ್‌ಫೈಂಡರ್ 260 ಗಜ ತೋರಿಸ್ತು. ಮೂರೂ ಮಲಗಿ ಮೆಲುಕು ಹಾಕ್ತಿದ್ವು, ದೊಡ್ಡದು ನಮಗೆ ಅರ್ಧ ಬೆನ್ನು ಹಾಕಿ ಕಣಿವೆ ನೋಡ್ಕೊಂಡು. ಇವ್ರು ಬ್ಯಾಗ್ ಮೇಲೆ ರೈಫಲ್ ಇಟ್ರು, ನಾನು ಸ್ಕೋಪ್ ಇಟ್ಟೆ. ಎಣಿಸೋ ಕೆಲಸ ನಂದು ಅಂತ ಮನೇಲೇ ತೀರ್ಮಾನ ಆಗಿತ್ತು, ರೈಫಲ್ ಹಿಡಿದೋನ ಕಣ್ಣಿಗೆ ಕೊಂಬು ಯಾವಾಗ್ಲೂ ಉದ್ದ ಕಾಣುತ್ತಂತೆ.

ಫುಲ್ ಕರ್ಲ್ ಅಲ್ಲ ಅನ್ನೋದು ಬೇಗ ಗೊತ್ತಾಯ್ತು. ತಲೆ ಪಕ್ಕಕ್ಕೆ ತಿರುಗಿದಾಗ ನೋಡಿದ್ರೆ ತುದಿ ಒಂದು ಬೆರಳು ಅಗಲ ಕಮ್ಮಿ. ಬಲಗೊಂಬಿನ ತುದಿ ಮುರಿದಿತ್ತು, ಎಡಗೊಂಬು ಚೂಪಾಗೇ ಇತ್ತು. ಹಾಗಾದ್ರೆ ಉಳಿದಿದ್ದು ವಯಸ್ಸು. ಸ್ಕೋಪ್ 60 ಪಟ್ಟು ಝೂಮ್ ಮಾಡಿದ್ರೆ ಬಿಸಿಲಿನ ಝಳಕ್ಕೆ ಕೊಂಬು ನೀರಲ್ಲಿದ್ದ ಹಾಗೆ ಅಲ್ಲಾಡುತ್ತೆ, ಕಮ್ಮಿ ಮಾಡಿದ್ರೆ ಗೆರೆ ಕಾಣಲ್ಲ. ಬುಡದಿಂದ ಎಣಿಸಿದೆ, ತುದಿಯಿಂದ ಎಣಿಸಿದೆ. ಏಳು. ಇವ್ರು ಬಂದು ನೋಡಿದ್ರು, ಎಂಟು. ನಾಲ್ಕನೇದಕ್ಕೂ ಐದನೇದಕ್ಕೂ ಮಧ್ಯ ಒಂದು ತೆಳು ಗೆರೆ ಇತ್ತು, ಜಗಳ ಪೂರ್ತಿ ಅದರದ್ದು. ಇವರ ಪ್ರಕಾರ ಅದು ಕಷ್ಟದ ಚಳಿಗಾಲ. ನನ್ನ ಪ್ರಕಾರ ಅದು ಕೊಂಬನ್ನ ಪೂರ್ತಿ ಸುತ್ತಿ ಬಂದಿಲ್ಲ, ಹೊರಗಡೆ ಶುರುವಾಗಿ ಒಳಬದೀಲಿ ಅಳಿಸಿ ಹೋಗುತ್ತೆ, ನಿಜವಾದ ಗೆರೆ ಆಗಿದ್ರೆ ಸುತ್ತ ಇರ್ಬೇಕು. ಒಳಬದಿ ಕಾಣೋಕೆ ಅದು ತಲೆ ಪೂರ್ತಿ ತಿರುಗಿಸ್ಬೇಕು. ಕಾದ್ವಿ. ಒಂದು ಗಂಟೆ ನಲವತ್ತು ನಿಮಿಷ. ಪಿಸುಮಾತಲ್ಲಿ ಗಂಡ ಹೆಂಡತಿ ಜಗಳ ಆಡಿದ್ದೀರಾ ಯಾವತ್ತಾದ್ರೂ? ಬೆಟ್ಟದ ನೆತ್ತೀಲಿ, ಹೊಟ್ಟೆ ಕೆಳಗೆ ಐಸ್, "ಅದು ಗೆರೆ ಕಣೇ", "ಅದು ಕೆಸರು ಕಣ್ರೀ", "ಕೆಸರು ಅಷ್ಟು ನೇರ ಇರುತ್ತಾ", "ನಿಮ್ಗೆ ಎಂಟು ಬೇಕು ಅದಕ್ಕೆ ಎಂಟು ಕಾಣ್ತಿದೆ". ಕೊನೇ ಮಾತು ನಾನು ಅನ್ಬಾರ್ದಿತ್ತು. ಇವ್ರು ಆಮೇಲೆ ತುಂಬಾ ಹೊತ್ತು ಮಾತಾಡ್ಲಿಲ್ಲ.

ನಾಲ್ಕೂವರೆ ಸುಮಾರಿಗೆ ಟಗರು ಎದ್ದು ನಿಂತ್ಕೊಂಡ್ತು. ಅಡ್ಡಕ್ಕೆ, ಪೂರ್ತಿ ಪಕ್ಕಕ್ಕೆ, ಎದೆ ಭಾಗ ತೆರೆದು, ಇದಕ್ಕಿಂತ ಒಳ್ಳೇ ಗುರಿ ಯಾವ ಜನ್ಮದಲ್ಲೂ ಸಿಗಲ್ಲ. ಇವರ ಕೆನ್ನೆ ರೈಫಲ್ ಮೇಲಿತ್ತು. ರೈಫಲ್‌ನ ಸೇಫ್ಟಿ ಲಾಕ್ ತೆಗೆದ ಸಣ್ಣ ಸದ್ದು ಬಂತು. ನನ್ನ ಕಡೆ ತಿರುಗದೇನೇ "ಏನಂತೀಯ" ಅಂದ್ರು.

"ನನಗೆ ಏಳೇ."

ಎಷ್ಟು ಹೊತ್ತು ಹಾಗೇ ಇದ್ವಿ ಗೊತ್ತಿಲ್ಲ, ಟಗರು ಒಂದು ಸಲ ಬಾಯಿ ಆಡಿಸ್ತು, ಕಣಿವೆ ಕಡೆ ನೋಡ್ತು, ಆಮೇಲೆ ಆತುರ ಇಲ್ದೆ, ನಮ್ಮ ಅಪ್ಪ ಊಟ ಆದ್ಮೇಲೆ ಜಗಲಿಗೆ ಹೋಗ್ತಿದ್ದ ಹಾಗೆ, ಬಂಡೆ ಹಿಂದಕ್ಕೆ ನಡ್ಕೊಂಡು ಹೋಯ್ತು. ಹಿಂದೆ ಆ ಚಿಕ್ಕವೆರಡು. ಸೇಫ್ಟಿ ವಾಪಸ್ ಹಾಕಿದ ಸದ್ದು. ನಾನು ಸ್ಕೋಪ್‌ಗೆ ಫೋನ್ ಹಿಡಿದು ಒಂದಷ್ಟು ಫೋಟೋ ತೆಗೆದಿದ್ದೆ, ಅದು ಗೊತ್ತಿದ್ರೂ ಅವತ್ತು ಇಬ್ರೂ ನೋಡ್ಲಿಲ್ಲ.

ಇಳಿಯೋಕೆ ರಾತ್ರಿ ಹನ್ನೊಂದೂವರೆ ಆಯ್ತು, ಹೆಡ್‌ಲ್ಯಾಂಪ್ ಬೆಳಕಲ್ಲಿ ಅದೇ ಬಂಡೆ ಜಗಲಿ. ಈ ಸಲ ಕೆಳಗೆ ಏನಿದೆ ಅಂತ ಕಾಣದೆ ಇದ್ದಿದ್ದು ಒಳ್ಳೇದಾಯ್ತು. ಟಗರು ಹೊಡೆದಿದ್ರೆ ಇದೇ ದಾರೀಲಿ ಮಾಂಸ, ತಲೆ, ಚರ್ಮ ಸೇರಿ ಇನ್ನೊಂದು 40–50 ಕೆಜಿ ಬೆನ್ನ ಮೇಲಿರ್ತಿತ್ತು, ತಿನ್ನೋ ಮಾಂಸ ಬೆಟ್ಟದಲ್ಲಿ ಬಿಟ್ಟು ಬಂದ್ರೆ ಇಲ್ಲಿ ಅದು ಅಪರಾಧ, ಕೊಂಬು ಮಾತ್ರ ಎತ್ಕೊಂಡು ಓಡೋ ಹಾಗಿಲ್ಲ. ಇದನ್ನ ಸಮಾಧಾನಕ್ಕೆ ಅಂತ ಇವರಿಗೆ ಹೇಳ್ದೆ. "ಹೊತ್ತಿರ್ತಿದ್ದೆ" ಅಂದ್ರು ಅಷ್ಟೇ.

5ಕ್ಕೆ ಹಿಮ. ಇಲ್ಲಿ ಬೆಟ್ಟದ ತುದೀಲಿ ಬೀಳೋ ಮೊದಲ ಹಿಮಕ್ಕೆ ಟರ್ಮಿನೇಷನ್ ಡಸ್ಟ್ ಅಂತಾರೆ, ಬೇಸಿಗೆ ಕೆಲಸ ಮುಗೀತು ಮನೆಗೆ ಹೋಗಿ ಅನ್ನೋ ನೋಟಿಸ್. ಬಿಳಿ ಬೆಟ್ಟದಲ್ಲಿ ಬಿಳಿ ಕುರಿ ಹುಡುಕೋದು ಯಾರಿಂದಾಗುತ್ತೆ, ಪೂರ್ತಿ ದಿನ ಟೆಂಟಲ್ಲಿ ಮಲಗಿದ್ವಿ. ಮಧ್ಯಾಹ್ನ ಇವ್ರು ತಾವಾಗೇ "ನೀನು ಹೇಳಿದ್ದು ಸರಿ ಇರ್ಬಹುದು" ಅಂದ್ರು. ಸಂಜೆ ಹೊತ್ತಿಗೆ ಆ ಮಾತು ವಾಪಸ್ ತಗೊಂಡ್ರು.

6ಕ್ಕೆ ಕೆಳಗೆ ನಡೆದ್ವಿ, ದಾರೀಲೂ ಅಲ್ಲಲ್ಲಿ ಕೂತು ಸ್ಕೋಪ್ ಹಾಕಿ ನೋಡಿದ್ವಿ, ಏನೂ ಇಲ್ಲ. ಬರುವಾಗ ಮೊಣಕಾಲುದ್ದ ಇದ್ದ ತೊರೆ ಈಗ ತೊಡೆಗೆ ಬಂದಿತ್ತು. ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿ, ಬಿದ್ರೆ ಬ್ಯಾಗ್ ಬಿಟ್ಟು ಜೀವ ಉಳಿಸ್ಕೋ ಅಂತ ಅರ್ಥ, ಇವ್ರು ಮೇಲ್ಗಡೆ, ನಾನು ಅವರ ಬೆನ್ನ ಹಿಂದೆ ಪಟ್ಟಿ ಹಿಡ್ಕೊಂಡು, ಒಂದೊಂದೇ ಹೆಜ್ಜೆ. ನೀರಡಿ ಕಲ್ಲುಗಳು ಉರುಳೋದು ಕಾಲಿಗೆ ಗೊತ್ತಾಗುತ್ತೆ, ಡುಂ ಡುಂ ಅಂತ. ಇದರ ಬಗ್ಗೆ ಇನ್ನೇನೂ ಬರೆಯಲ್ಲ, ಅಮ್ಮ ಓದ್ತಾರೆ.

ಪೈಲಟ್ 6ಕ್ಕೆ ಸಂಜೆ ಬರ್ಬೇಕಿತ್ತು. ಮೋಡ. 7ಕ್ಕೂ ಮೋಡ. ಮೆಸೆಂಜರ್‌ನಲ್ಲಿ "ನಾಳೆ ನೋಡೋಣ" ಅಂತ ಎರಡು ಪದ ಬರುತ್ತೆ, ಅಷ್ಟೇ. ಊಟ ಲೆಕ್ಕ ಹಾಕಿದ್ರೆ ಉಳಿದಿದ್ದು ಎರಡು ಹಿಡಿ ಅವಲಕ್ಕಿ, ಕಡಲೆಬೀಜ, ಒಂದು ಚಾಕ್ಲೇಟ್, ಚಟ್ನಿಪುಡಿ ಮಾತ್ರ ಬೇಕಾದಷ್ಟು. ಆ ದಿನ ಮಾಡೋಕೆ ಏನೂ ಇಲ್ದೆ ಫೋಟೋ ತೆಗೆದು ನೋಡಿದ್ವಿ, ಬ್ಯಾಟರಿ 9 ಪರ್ಸೆಂಟ್ ಇತ್ತು. ಝೂಮ್ ಮಾಡಿದ್ವಿ. ಇವ್ರು ಬೆರಳಿಟ್ಟು ಎಣಿಸಿದ್ರು, ಎಂಟು. ನಾನು ಬೆರಳಿಟ್ಟೆ, ಏಳು. ಫೋನ್ ಆಫ್ ಆಯ್ತು.

8ಕ್ಕೆ ಮಧ್ಯಾಹ್ನ ವಿಮಾನ ಬಂತು. ಈ ಸಲ ಮೊದಲು ಇವ್ರೇ ಹೋಗ್ಲಿ, ನಾನು ಕಾಯ್ತೀನಿ ಅಂದೆ, ಯಾಕೆ ಹಾಗಂದೆ ಅಂತ ಗೊತ್ತಿಲ್ಲ. ಒಂದೂಮುಕ್ಕಾಲು ಗಂಟೆ ಒಬ್ಳೇ ಇದ್ದೆ, ಮಗ್ಗಿ ಹೇಳ್ಲಿಲ್ಲ. ನಾವು ಬಂದ ದಿನ ನೋಡಿದ್ದ ಕರಡಿ ಪಾದ ಮಳೆಗೆ ಅಳಿಸಿ ಹೋಗಿತ್ತು, ಪಕ್ಕದಲ್ಲೇ ಹೊಸದಿತ್ತು. ಪೈಲಟ್ ಖಾಲಿ ಚೀಲ ನೋಡಿ ಏನೂ ಕೇಳ್ಲಿಲ್ಲ, ಇವತ್ತು ತೂಕ ಹಾಕೋದು ಬೇಡ ಅಂದ.

ಫೋಟೋನ ಇಲ್ಲಿ ಹಾಕಲ್ಲ. ಹಾಕಿದ್ರೆ ನೀವೆಲ್ಲ ಎಣಿಸ್ತೀರ, ಐವತ್ತು ಜನ ಏಳು ಅಂತೀರ, ಐವತ್ತು ಜನ ಎಂಟು ಅಂತೀರ, ನಮ್ಮನೇಲಿ ಇರೋ ಎರಡೇ ಸಾಕು. ಪರಿಚಯದ ಒಬ್ಬ ಹಳೇ ಬೇಟೆಗಾರರಿಗೆ ತೋರಿಸಿದ್ವಿ, ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು "ಇದು ಹೊಡೆಯೋ ಫೋಟೋ ಅಲ್ಲ" ಅಂದ್ರು. ಏಳು ಅಂತ ಹೇಳಿದ್ರಾ, ಗೊತ್ತಿಲ್ಲ ಅಂತ ಹೇಳಿದ್ರಾ ಅನ್ನೋದು ಈಗ ಹೊಸ ಚರ್ಚೆ.

ಸೀಸನ್ 20ಕ್ಕೆ ಮುಗೀತು. ಏನೂ ಸಿಗದಿದ್ರೂ ಹಾರ್ವೆಸ್ಟ್ ಟಿಕೆಟ್ ತಗೊಂಡೋರು ವರದಿ ಕೊಡ್ಲೇಬೇಕು, ಆನ್‌ಲೈನ್‌ನಲ್ಲಿ, ಇಬ್ರದ್ದೂ ಬೇರೆ ಬೇರೆ. ಹೋಗಿದ್ರಾ, ಹೌದು. ಹೇಗೆ ಹೋದ್ರಿ, ವಿಮಾನ. ಟಗರು ಸಿಕ್ತಾ, ಇಲ್ಲ. ಎಷ್ಟು ದಿನ ಬೇಟೆ ಆಡಿದ್ರಿ. ಇಲ್ಲಿ ಇಬ್ರೂ ನಿಂತ್ವಿ. 29 ಲೆಕ್ಕಕ್ಕಿಲ್ಲ, ವಿಮಾನದ ದಿನ. 7, 8 ನದಿ ದಂಡೇಲಿ ಕೂತಿದ್ದು. ಮಂಜಿನ ದಿನ ಸ್ಕೋಪ್ ಹಿಡ್ಕೊಂಡು ಹೊರಗೇ ಇದ್ವಿ, ಅದು ಸೇರುತ್ತೆ. ಹಿಮ ಬಿದ್ದ 5ನೇ ತಾರೀಕು? ಟೆಂಟ್‌ನಿಂದ ಆಚೆ ಕಾಲೇ ಇಟ್ಟಿಲ್ಲ, ಅದು ಹೇಗೆ ಬೇಟೆ ಆಗುತ್ತೆ ಅಂದೆ. ಬೆಟ್ಟದಲ್ಲಿ ಇದ್ವಲ್ಲ, ರೈಫಲ್ ಪಕ್ಕದಲ್ಲೇ ಇತ್ತಲ್ಲ ಅಂದ್ರು.

ನನ್ನ ಫಾರಂನಲ್ಲಿ ಏಳು ಅಂತ ಹಾಕ್ದೆ. ಅವರದ್ದರಲ್ಲಿ ಅವರು ಎಂಟು ಅಂತ ಹಾಕಿದ್ರು.